ಹಿಂದಿನ ಸೀಟಿನವಳು

ಬೆಲ್ ಆದಾಗ ಅವಳು ಮೂರನೆಯ ಲೋಟವನ್ನು ವಾಪಸ್ ಕಪಾಟಿನಲ್ಲಿ ಇಡುತ್ತಿದ್ದಳು. ಅಭ್ಯಾಸಬಲದಿಂದ ತೆಗೆದಿದ್ದಳು.

ಅಂತ್ಯಸಂಸ್ಕಾರಕ್ಕೆ ಬಂದಿದ್ದ ನೆಂಟರಲ್ಲಿ ಕೊನೆಯವರು ನಿನ್ನೆ ಸಂಜೆ ಹೊರಟಿದ್ದರು. ಈಗ ಮನೆಯಲ್ಲಿ ಅವಳು ಮತ್ತು ಅತ್ತೆ ಇಬ್ಬರೇ. ಹಾಲು ಬಂದಿತ್ತು. ಪೇಪರ್ ಬಂದಿತ್ತು. ಮೇಲಿನ ಮನೆಯವರು ಎಂದಿನಂತೆ ಕುರ್ಚಿ ಎಳೆದಾಡುತ್ತಿದ್ದರು. ಎಲ್ಲವೂ ಮೊದಲಿನ ಹಾಗೇ ಇತ್ತು. ಅದನ್ನೇ ಅವಳಿಗೆ ನಂಬಲಾಗುತ್ತಿರಲಿಲ್ಲ.

ಬಾಗಿಲಲ್ಲಿ ಐವತ್ತರ ಆಸುಪಾಸಿನ ಒಬ್ಬ ವ್ಯಕ್ತಿ ನಿಂತಿದ್ದ. ಉಗುರುಗಳ ಸಂದಿಯಲ್ಲಿ ಗ್ರೀಸು. ಅವನ ಹಿಂದೆ, ಗೇಟಿನ ಬಳಿ, ಗಂಡನ ಬೈಕು.

ಬೈಕು ಬಂದಿದೆ ಎಂದರೆ ಅವನೂ...

"ಚೈನ್ ಬದಲಾಯಿಸೋಕೆ ಬಿಟ್ಟಿದ್ರು, ತಂಗಿ," ಅಂದ ಆತ. "ಆಮೇಲೆ ನನ್ನ ಹತ್ರಾನೇ ಉಳಿದುಬಿಡ್ತು. ನಾನು ಮೆಕ್ಯಾನಿಕ್. ಎಲ್ರೂ ಸ್ಪ್ಯಾನರ್ ಅಂತ ಕರೀತಾರೆ."

ಒಳಗಿನಿಂದ ಅತ್ತೆಯ ದನಿ ಬಂತು. "ಯಾರದು? ಬೈಕಿಂದ ಬಿದ್ದನಾ ಅಂತ ಕೇಳೋಕೆ ಬಂದಿದ್ರೆ ಅಲ್ಲ ಅಂತ ಹೇಳು. ಆಫೀಸಿನ ಮೆಟ್ಟಿಲು. ಎದೆನೋವು. ಹೇಳಿ ಹೇಳಿ ಸಾಕಾಯ್ತು ನನಗೆ."

ಅವಳು ಕೀ ತೆಗೆದುಕೊಂಡಳು. ಆತ ಹೋಗಲಿಲ್ಲ. ಚಪ್ಪಲಿಯ ತುದಿಯಿಂದ ನೆಲವನ್ನು ಕೆರೆಯುತ್ತ ನಿಂತ.

"ಇನ್ನೇನು?"

"ಒಂದು ಫ್ಲಾಸ್ಕು... ಸ್ಟೀಲಿಂದು. ಹೊಟ್ಟೆ ಹತ್ರ ಸ್ವಲ್ಪ ನೆಗ್ಗಿದೆ. ನಮ್ಮ ಕೂಟದ್ದು. ಅವರು ಈ ಸಲ ತಗೊಂಡಿದ್ರು. ಮನೇಲಿದೆಯಾ ಅಂತ ಕೇಳೋಣ ಅಂತ..."

ಇತ್ತು. ಅಡುಗೆಮನೆಯ ಕಿಟಕಿಯ ಬಳಿ ಮೂರು ವಾರದಿಂದ ಕೂತಿತ್ತು. ಅವಳು ತಂದು ಅವನ ಮುಂದೆ ಹಿಡಿದಳು. ಸ್ಪ್ಯಾನರ್ ಬಿಸಿ ಪಾತ್ರೆ ಕಂಡವನಂತೆ ಎರಡೂ ಕೈ ಹಿಂದಕ್ಕೆ ಎಳೆದುಕೊಂಡ.

"ಖಾಲಿ ತಗೊಳ್ಳೋ ಹಾಗಿಲ್ಲ, ತಂಗಿ."

"ಅಂದ್ರೆ?"

ಆತ ತಡವರಿಸುತ್ತ ವಿವರಿಸಿದ. ಅವರು ಆರೇಳು ಜನ. ಪ್ರತಿ ಭಾನುವಾರ ಬೆಳಿಗ್ಗೆ ಪೆಟ್ರೋಲ್ ಬಂಕ್ ಪಕ್ಕದ ಚಹಾ ಅಂಗಡಿಯಲ್ಲಿ ಸೇರುತ್ತಾರೆ. ದೂರ ಹೊರಡುವವರು ಫ್ಲಾಸ್ಕ್ ಒಯ್ಯುತ್ತಾರೆ. ಎಲ್ಲಿಗೆ ಅಂತ ಅಂಗಡಿಯ ಸ್ಲೇಟಿನ ಮೇಲೆ ಬರೆದು ಹೋಗಬೇಕು. ಹೋದ ಊರಿನ ಚಹಾವೋ ಕಾಫಿಯೋ ತುಂಬಿಸಿಕೊಂಡು ಬಂದು, ಎಲ್ಲರಿಗೂ ಒಂದೊಂದು ಗುಟುಕು ಕೊಟ್ಟು, ದಾರಿಯ ಕಥೆ ಹೇಳಬೇಕು. ಆಮೇಲೆ ಫ್ಲಾಸ್ಕ್ ವಾಪಸ್. ಹನ್ನೊಂದು ವರ್ಷದಲ್ಲಿ ಅದು ಒಮ್ಮೆಯೂ ಖಾಲಿ ಬಂದಿಲ್ಲ.

"ನನ್ನ ಗಂಡ ತೀರಿಕೊಂಡಿದ್ದಾರೆ," ಅಂದಳು ಅವಳು. ಈ ವಾಕ್ಯವನ್ನು ಅವಳು ಜೋರಾಗಿ ಹೇಳಿದ್ದು ಅದೇ ಮೊದಲು. "ನಿಮಗೆ ಚಹಾ ತರೋಕೆ ಅವರಿಗೆ ಆಗಲ್ಲ."

ಸ್ಪ್ಯಾನರ್‌ನ ಕಣ್ಣು ತುಂಬಿತು. ಆದರೂ ಕೈ ಚಾಚಲಿಲ್ಲ. "ಇರಲಿ ಬಿಡಿ. ನಿಮ್ಮ ಹತ್ರಾನೇ ಇರಲಿ," ಅಂದು ನಡೆದು ಹೋದ.

ಎಂಥ ಜನ ಇವರು... ಅವಳು ಬಾಗಿಲು ಹಾಕಿಕೊಂಡಳು.

*

ಅವಳ ಕೆಲಸ ಬೀಜ ಪರೀಕ್ಷೆಯ ಲ್ಯಾಬಿನಲ್ಲಿ. ಒದ್ದೆ ಕಾಗದದ ಮೇಲೆ ನೂರು ಬೀಜ ಹರಡಿ, ದಿನವೂ ಎಷ್ಟು ಮೊಳೆತವು ಎಂದು ಎಣಿಸಬೇಕು. ಬೀಜಗಳಿಗೆ ಭಾನುವಾರ ಗೊತ್ತಿಲ್ಲ. ಹಾಗಾಗಿ ಭಾನುವಾರವೂ ಮಧ್ಯಾಹ್ನ ಹೋಗಿ ಎಣಿಸಿ ಬರುತ್ತಿದ್ದಳು.

ಮದುವೆಯಾದ ನಾಲ್ಕು ವರ್ಷದಲ್ಲಿ ಗಂಡ ಹೊರಡುವಾಗಲೆಲ್ಲ ಹೆಲ್ಮೆಟ್ ಕೈಯಲ್ಲಿ ಹಿಡಿದು ಕೇಳುತ್ತಿದ್ದ. "ಬರ್ತೀಯಾ?"

ಅವಳ ಉತ್ತರವೂ ಒಂದೇ. "ಮುಂದಿನ ಸಲ."

ಅವನು ಬೇಸರಪಟ್ಟುಕೊಂಡವನಲ್ಲ. ಸಂಜೆಗೆ ಧೂಳು ಹೊತ್ತುಕೊಂಡು ಬಂದು, ಊಟದ ಮೇಜಿನ ಮುಂದೆ ಕೂತು ಎಲ್ಲ ಹೇಳುತ್ತಿದ್ದ. ಅವಳು ಅರ್ಧ ಕೇಳುತ್ತಿದ್ದಳು. ಉಳಿದರ್ಧ ತಲೆಯಲ್ಲಿ ಮೊಳಕೆಗಳು.

ಮುಂದಿನ ಭಾನುವಾರ ಲ್ಯಾಬಿಗೆ ಹೋಗುವ ಮುಂಚೆ ಸ್ಕೂಟರನ್ನು ಬಂಕಿನ ಕಡೆ ತಿರುಗಿಸಿದಳು. ಫ್ಲಾಸ್ಕನ್ನು ಯಾವುದಾದರೂ ಮೇಜಿನ ಮೇಲಿಟ್ಟು ಸುಮ್ಮನೆ ಬಂದುಬಿಡುವುದು. ಅವರ ನಿಯಮ ಅವರಿಗಿರಲಿ.

ಅಂಗಡಿಯಲ್ಲಿ ಸ್ಪ್ಯಾನರ್ ಇರಲಿಲ್ಲ. ಉದ್ದದ ಬೆಂಚಿನಲ್ಲಿ ನಾಲ್ಕೈದು ಜನ. ಯಾರಿಗೂ ಅವಳ ಪರಿಚಯವಿಲ್ಲ. ಅಂತ್ಯಸಂಸ್ಕಾರದ ದಿನ ಬಂದಿದ್ದರೋ ಏನೋ, ಆ ದಿನ ಅವಳು ಯಾರ ಮುಖವನ್ನೂ ನೋಡಿರಲಿಲ್ಲ. ತಲೆ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದವಳನ್ನು ಅವರೂ ನೋಡಿರಲಾರರು.

ಗಲ್ಲಾಪೆಟ್ಟಿಗೆಯ ಮೇಲೆ ಸ್ಲೇಟು ನೇತಾಡುತ್ತಿತ್ತು. ಸೀಮೆಸುಣ್ಣದಲ್ಲಿ ಎರಡೇ ಪದ. 'ಸಕ್ಕರೆ — ದೀಪಸ್ತಂಭ.' ಕೈಬರಹ ಗಂಡನದು.

ಅವಳು ಮೂಲೆಯ ಮೇಜಿನಲ್ಲಿ ಕೂತುಬಿಟ್ಟಳು.

"ಒಂದು ಲೋಟಕ್ಕೆ ನಾಲ್ಕು ಚಮಚ ಸಕ್ಕರೆ ಹಾಕ್ಕೋತಿದ್ದ ಪುಣ್ಯಾತ್ಮ," ಅನ್ನುತ್ತಿದ್ದಳು ಅವರಲ್ಲೊಬ್ಬಳು, ಹಲ್ಲಿನ ಡಾಕ್ಟರು. ದಪ್ಪ ಬೂಟು ಹಾಕಿದ್ದ ಗಟ್ಟಿಗಿತ್ತಿ. "ನಾನು ಹೆಸರಿಟ್ಟಿದ್ದೇ ಅದಕ್ಕೆ. ಅವನ ಹಲ್ಲು ನೋಡಿದ್ರೆ ಒಂದೂ ಹುಳುಕಿಲ್ಲ. ನನ್ನ ಕಸುಬಿಗೇ ಅವಮಾನ."

"ಅವನ ಮೀನು ಬಂದರಿನ ಕಥೆ ಹೇಳ್ತೀನಿ ಕೇಳಿ," ಅಂದರು ನಿವೃತ್ತ ಭೂಗೋಳದ ಮೇಷ್ಟ್ರು. "ಮುನ್ನೂರು ಕಿಲೋಮೀಟರು..."

"ನೂರೈವತ್ತು ಅಂತ ಇಟ್ಕೊಳ್ಳಿ," ಅಂದಳು ಚಹಾ ಸೋಸುತ್ತಿದ್ದ ಅಂಗಡಿಯಕ್ಕ. "ಮೇಷ್ಟ್ರು ಹೇಳೋದನ್ನೆಲ್ಲ ಅರ್ಧ ಮಾಡ್ಕೊಂಡೇ ನಾವು ಬದುಕಿರೋದು."

ಎಲ್ಲರೂ ನಕ್ಕರು. ಮೇಷ್ಟ್ರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

"ಬಂದರಲ್ಲಿ ಒಂದು ಹೋಟ್ಲು. ಸೂಪ್ ತರಿಸಿದ್ದಾರೆ. ಒಂದು ಚಮಚ ಬಾಯಿಗಿಟ್ಟಳಂತೆ ಇವನ ಹಿಂದಿನ ಸೀಟಿನವಳು. ಇಟ್ಟು, ಹೋಟ್ಲವನನ್ನ ಕರೆದು ಹೇಳಿದಳಂತೆ, 'ನೀವು ತರಕಾರೀನ ಹೆದರಿಸಿ ಬಿಟ್ಟಿದ್ದೀರಿ ಅಷ್ಟೇ, ಬೇಯಿಸಿಲ್ಲ' ಅಂತ."

ಬೆಂಚು ಅಲುಗಾಡುವಷ್ಟು ನಗು.

ಅವಳು ತಟ್ಟನೆ ತಲೆ ಎತ್ತಿದಳು.

ಹಿಂದಿನ ಸೀಟಿನವಳು?

"ಅವಳು ಜಾಕೆಟ್ಟನ್ನ ಎರಡೇ ಬೆರಳಲ್ಲಿ ಹಿಡ್ಕೋತಾಳೆ ಅಂತಿದ್ದ," ಅಂದಳು ಡಾಕ್ಟರು, ನಗು ಇಳಿದ ಮೇಲೆ. "ಸ್ಪೀಡು ಜಾಸ್ತಿಯಾದ್ರೆ ಬೆನ್ನಿಗೆ ಒಂದು ಗುದ್ದು. ಅವಳ ಬಗ್ಗೆ ಹೇಳುವಾಗ ಮುಖ ನೋಡಬೇಕಿತ್ತು. ಅವಳಿಲ್ಲದೆ ಒಂದು ಕಥೆ ಹೇಳಿದ್ದಾನಾ ಅವನು?"

"ಒಂದೂ ಇಲ್ಲ," ಅಂದರು ಮೇಷ್ಟ್ರು.

ಅವಳು ಎದ್ದಳು. ಫ್ಲಾಸ್ಕ್ ಬ್ಯಾಗಿನಲ್ಲೇ ಉಳಿಯಿತು. ಸ್ಕೂಟರ್ ಹತ್ತಿದ್ದು ನೆನಪಿದೆ, ಮನೆ ಮುಟ್ಟಿದ್ದು ನೆನಪಿಲ್ಲ.

ನಾಲ್ಕು ವರ್ಷ... ಪ್ರತಿ ದಾರಿಯಲ್ಲೂ... ಅವನ ಬೆನ್ನ ಹಿಂದೆ ಯಾರೋ ಒಬ್ಬಳು ಇದ್ದಳು. ನಗಿಸುತ್ತಿದ್ದಳು. ನಾನು ಬೀಜ ಎಣಿಸುತ್ತಿದ್ದೆ.

ಸಾವಿಗೆ ಬಾರದ ಅಳು ಆ ಮಧ್ಯಾಹ್ನ ಬಚ್ಚಲುಮನೆಯಲ್ಲಿ ಬಂತು. ನಲ್ಲಿ ಜೋರಾಗಿ ತಿರುಗಿಸಿಕೊಂಡು ಅತ್ತಳು. ಆಮೇಲೆ ಮುಖ ತೊಳೆದು, ಗಂಡನ ಫೋನಿನಲ್ಲಿ ನಂಬರ್ ಹುಡುಕಿ ಸ್ಪ್ಯಾನರ್‌ಗೆ ಫೋನ್ ಮಾಡಿದಳು.

"ಬೈಕ್ ಮಾರಬೇಕು. ನಾಳೆ ಬಂದು ತಗೊಂಡು ಹೋಗಿ."

*

ಮರುದಿನ ಅತ್ತೆ ಸೂಪ್ ಮಾಡಿದ್ದರು. ವಾರದಿಂದ ಇಬ್ಬರೂ ಸರಿಯಾಗಿ ಉಂಡಿರಲಿಲ್ಲ.

"ಕುಡಿ. ಮುಖ ಯಾಕೆ ಹಾಗೆ ಊದಿದೆ?"

"ಏನಿಲ್ಲ, ಅತ್ತೆ."

"ನಿನ್ನೆ ನೀನು ನಲ್ಲಿ ಅರ್ಧ ಗಂಟೆ ಬಿಟ್ಟಿದ್ದೆ. ಟ್ಯಾಂಕ್ ಖಾಲಿ. ಏನಿಲ್ಲ ಅಂದ್ರೆ ನಂಬೋಕೆ ನಾನೇನು ಪಕ್ಕದ ಮನೆಯವಳಾ?"

ಹೇಳಬಾರದು ಎಂದುಕೊಂಡಿದ್ದಳು. ಮಗನನ್ನು ಕಳೆದುಕೊಂಡ ತಾಯಿಗೆ ಇದೂ ಒಂದು ಬೇಕೇ? ಆದರೆ ಮಾತು ತಾನಾಗಿ ಹೊರಬಂತು.

"ಅವನ ಹಿಂದೆ ಯಾರೋ ಕೂತು ಹೋಗ್ತಿದ್ದಳು, ಅತ್ತೆ. ಎಲ್ಲ ಕಡೆಗೂ. ಅಂಗಡೀಲಿ ಎಲ್ರಿಗೂ ಗೊತ್ತು... ನನಗೆ ಮಾತ್ರ ಗೊತ್ತಿರಲಿಲ್ಲ."

ಅತ್ತೆ ಕುರ್ಚಿ ಎಳೆದು ಕೂತರು. "ಯಾರಂತೆ?"

"ಹೆಸರು ಹೇಳಲಿಲ್ಲ. ತುಂಬಾ ತಮಾಷೆ ಮಾಡ್ತಾಳಂತೆ. ಬಂದರಲ್ಲಿ ಸೂಪ್ ಕುಡಿದು ಹೋಟ್ಲವನಿಗೆ ಹೇಳಿದಳಂತೆ, ತರಕಾರೀನ ಹೆದರಿಸಿ ಬಿಟ್ಟಿದ್ದೀರಿ, ಬೇಯಿಸಿಲ್ಲ..."

ಅತ್ತೆ ಅವಳನ್ನೇ ನೋಡಿದರು.

"ಅದು ನನ್ನ ಸೂಪು," ಅಂದರು.

"ಏನು?"

"ನನ್ನ ಸೂಪು ಕಣೇ! ಮದುವೆಯಾಗಿ ಮೂರು ತಿಂಗಳಾಗಿರಲಿಲ್ಲ. ಇದೇ ಮೇಜು. ನೀನು ಅವನ ಕಿವಿಯಲ್ಲಿ ಹೇಳಿದೆ. ನನಗೆ ಕೇಳಿಸ್ತು. ಎರಡು ದಿನ ನಿನ್ನ ಜೊತೆ ಮಾತು ಬಿಟ್ಟಿದ್ದೆ. ಯಾಕೆ ಅಂತ ಇವತ್ತಿಗೂ ನೀನು ಕೇಳಿಲ್ಲ."

ಅವಳಿಗೆ ನಿಧಾನವಾಗಿ ನೆನಪಾಯಿತು. ಗಂಡ ನೀರು ನೆತ್ತಿಗೇರಿಸಿಕೊಂಡು ಕೆಮ್ಮಿದ್ದು. ಅತ್ತೆ ಎದ್ದು ಹೋಗಿದ್ದು. ಹಲ್ಲುನೋವಿರಬೇಕು ಎಂದು ತಾನು ಅಂದುಕೊಂಡಿದ್ದು...

"ಆದರೆ... ನನ್ನ ಮಾತನ್ನ ಅವನು ಬೇರೆ ಯಾರಿಗಾದರೂ ಹೇಳಿ, ಅವಳು..."

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಸ್ಪ್ಯಾನರ್ ಬಂದಿದ್ದ. ಅವಳು ನೇರವಾಗಿ ಹೋಗಿ ಅವನ ಮುಂದೆ ನಿಂತಳು.

"ಹಿಂದಿನ ಸೀಟಲ್ಲಿ ಬರ್ತಿದ್ದವಳು ಯಾರು? ನಿಜ ಹೇಳಿ."

ಸ್ಪ್ಯಾನರ್ ಅವಳ ಮುಖ ನೋಡಿದ, ಅವಳ ಹಿಂದೆ ಬಂದು ನಿಂತ ಅತ್ತೆಯ ಮುಖ ನೋಡಿದ. ಬೈಕಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತ.

"ಬನ್ನಿ ಇಲ್ಲಿ, ತಂಗಿ. ಇದು ಮುಂದಿನ ಫುಟ್‌ರೆಸ್ಟು. ಓಡಿಸೋರು ಕಾಲಿಡೋದು. ನಾಲ್ಕು ವರ್ಷದಲ್ಲಿ ಇದರ ರಬ್ಬರು ನಾನೇ ಎರಡು ಸಲ ಬದಲಾಯಿಸಿದ್ದೀನಿ. ಸವೆದು ಹೋಗ್ತಿತ್ತು. ಈಗ ಹಿಂದಿಂದು ನೋಡಿ."

ಮಡಚಿಟ್ಟಿದ್ದ ಹಿಂದಿನ ಫುಟ್‌ರೆಸ್ಟನ್ನು ಬೆರಳಿನಿಂದ ಎಳೆದ. ಅದು ಸುಲಭಕ್ಕೆ ಬಿಚ್ಚಲಿಲ್ಲ. ರಬ್ಬರಿನ ಮೇಲಿನ ಗೆರೆಗಳು ಅಂಗಡಿಯಿಂದ ತಂದಂತೆ ಚೂಪಾಗಿದ್ದವು. ಮಡಚುವ ಜಾಗದ ಕಪ್ಪು ಬಣ್ಣ ಒಂದು ಗೀರೂ ಇಲ್ಲದೆ ಹೊಳೆಯುತ್ತಿತ್ತು.

"ಇದರ ಮೇಲೆ ಯಾರೂ ಕಾಲಿಟ್ಟಿಲ್ಲ. ಒಂದು ಸಲವೂ."

ಅವಳು ಆ ರಬ್ಬರನ್ನು ಮುಟ್ಟಿ ನೋಡಿದಳು.

"ನಿಮಗೆ ಮೊದಲೇ ಗೊತ್ತಿತ್ತಾ?"

"ಮೊದಲ ಸರ್ವಿಸ್ಸಿನಲ್ಲೇ ಗೊತ್ತಾಯ್ತು. ಆದರೆ ಕಥೆ ಹೇಳಿದವರನ್ನ ಪ್ರಶ್ನೆ ಕೇಳಬಾರದು ಅಂತ ನಮ್ಮಲ್ಲಿ ಇನ್ನೊಂದು ನಿಯಮ ಇದೆ." ಸ್ಪ್ಯಾನರ್ ಕತ್ತು ಕೆರೆದುಕೊಂಡ. "ಒಂದು ಸಲ ಬೆಟ್ಟದ ಮೇಲೆ ಸೂರ್ಯೋದಯ ನೋಡೋಕೆ ಎಬ್ಬಿಸಿದರಂತೆ. ಅದಕ್ಕೆ ಅವಳು..."

"ಸೂರ್ಯ ದಿನಾ ಹುಟ್ತಾನೆ, ನನ್ನ ಭಾನುವಾರದ ನಿದ್ದೆ ವಾರಕ್ಕೆ ಒಂದೇ," ಅಂದಳು ಅವಳು.

"ಹೌದು. ಅದೇ."

ಅದನ್ನು ಅವಳು ಹೇಳಿದ್ದು ಯಾವ ಬೆಟ್ಟದ ಮೇಲೂ ಅಲ್ಲ. ಈ ಮನೆಯ ಹಾಸಿಗೆಯಲ್ಲಿ, ಹೊದಿಕೆಯೊಳಗಿಂದ. ಅವನು ಹೆಲ್ಮೆಟ್ ಹಿಡಿದು, 'ಬರ್ತೀಯಾ' ಎಂದು ಕೇಳಿದಾಗ.

ಅವಳು ಬರಲಿಲ್ಲ. ಅವನು ಅವಳನ್ನು ಬಿಟ್ಟೂ ಹೋಗಲಿಲ್ಲ.

ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ಅತ್ತೆ ಬಂದು ಪಕ್ಕದಲ್ಲಿ ಕೂತರು. ಅವರಿಗೂ ಅದೇ ಸ್ಥಿತಿ.

"ಹಾಗಾದ್ರೆ ಬೈಕು... ತಗೊಂಡು ಹೋಗ್ಲಾ?" ಸ್ಪ್ಯಾನರ್ ಮೆಲ್ಲಗೆ ಕೇಳಿದ.

"ಬೇಡ," ಅಂದಳು ಅವಳು, ಮೂಗು ಒರೆಸಿಕೊಳ್ಳುತ್ತ. "ದೀಪಸ್ತಂಭ ಎಷ್ಟು ದೂರ?"

"ನೂರಾ ನಲವತ್ತು. ಮೇಷ್ಟ್ರ ಬಾಯಲ್ಲಿ ಇನ್ನೂರ ಎಂಬತ್ತು."

"ಗೇರ್ ಹಾಕೋದು ಕಲಿಸ್ತೀರಾ?"

*

ಎರಡು ತಿಂಗಳು ಬೇಕಾಯಿತು.

ಗೋದಾಮಿನ ಹಿಂದಿನ ಬಯಲಿನಲ್ಲಿ ಪಾಠ. ಸ್ಪ್ಯಾನರ್ ಪಕ್ಕದಲ್ಲಿ ಓಡುತ್ತಿದ್ದ. ಅತ್ತೆ ಕೊಡೆ ಬಿಡಿಸಿಕೊಂಡು ಮಡಚುವ ಕುರ್ಚಿಯಲ್ಲಿ ಕೂತು ತಪ್ಪು ಹಿಡಿಯುತ್ತಿದ್ದರು. ಅದು ಅವರ ಹುಟ್ಟುಗುಣ. ರೇಡಿಯೋದವರು ಸಮಯ ಹೇಳಿದರೂ ತಮ್ಮ ಗಡಿಯಾರ ನೋಡಿ ತಿದ್ದುವವರು ಅವರು.

"ಕ್ಲಚ್ಚು ನಿಧಾನ ಬಿಡಿ, ತಂಗಿ, ನಿಧಾನ..."

ಬೈಕು ಕಪ್ಪೆಯಂತೆ ಹಾರಿ ನಿಂತಿತು.

"ಅವನು ನಿಧಾನ ಅಂದ್ರೆ ಇವಳು ಬಿಟ್ಟೇಬಿಟ್ಟಳು," ಅಂದರು ಅತ್ತೆ. "ನಾಲ್ಕು ಸಲ ಆಯ್ತು."

"ಮೂರು, ಅತ್ತೆ."

"ನಾಲ್ಕು. ನಾನು ಎಣಿಸ್ತಿದ್ದೀನಿ. ಬೀಜ ಎಣಿಸೋಳಿಗೆ ಇದು ಗೊತ್ತಾಗಲ್ವಾ?"

ಲೈಸೆನ್ಸ್ ಕೈಗೆ ಬಂದ ಶನಿವಾರ, ಬೆಳಕು ಹರಿಯುವ ಹೊತ್ತಿಗೆ, ಅವಳು ಹೆಲ್ಮೆಟ್ ಹಿಡಿದು ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತಳು. ಏನು ಕೇಳಬೇಕೆಂದು ಗೊತ್ತಿತ್ತು.

"ಬರ್ತೀರಾ?"

ಅತ್ತೆ ಆಗಲೇ ಬೂಟಿನ ಲೇಸು ಕಟ್ಟುತ್ತಿದ್ದರು. "ನೀನು ಕೇಳ್ತೀಯೋ ಇಲ್ವೋ ಅಂತ ನಾಲ್ಕೂವರೆಯಿಂದ ಕಾಯ್ತಿದ್ದೀನಿ."

ಹಿಂದಿನ ಫುಟ್‌ರೆಸ್ಟನ್ನು ಅವಳು ಕಾಲಿನಿಂದ ಬಿಚ್ಚಿದಳು. ಅತ್ತೆ ಅವಳ ಭುಜ ಹಿಡಿದು ಹತ್ತಿ, ಎರಡೂ ಪಾದಗಳನ್ನು ಆ ಹೊಸ ರಬ್ಬರಿನ ಮೇಲಿಟ್ಟರು. ಅತ್ತೆ ಹಿಡಿದುಕೊಂಡದ್ದು ಎರಡು ಬೆರಳಲ್ಲಿ ಅಲ್ಲ. ಉಸಿರು ಕಟ್ಟುವ ಹಾಗೆ ಸೊಂಟ ತಬ್ಬಿಕೊಂಡಿದ್ದರು.

ದಾರಿಯಲ್ಲಿ ಬೈಕು ಎರಡು ಸಲ ಕೆಟ್ಟಿತು ಎಂದು ಬರೆಯಬಹುದು. ಕೆಡಲಿಲ್ಲ. ಗಾಳಿ ಇತ್ತು, ಉಪ್ಪಿನ ಗದ್ದೆಗಳ ಬಿಳುಪು ಇತ್ತು, ಸಮುದ್ರ ಇದ್ದಕ್ಕಿದ್ದಂತೆ ಒಂದು ತಿರುವಿನಲ್ಲಿ ಎದುರು ಬಂತು. ಅವಳು ಬೈಕು ನಿಲ್ಲಿಸಿದಳು. ಇಬ್ಬರೂ ಐದು ನಿಮಿಷ ಮಾತಾಡಲಿಲ್ಲ. ಅತ್ತೆಯ ಮಟ್ಟಿಗೆ ಅದು ದಾಖಲೆ.

ದೀಪಸ್ತಂಭದ ಕೆಳಗೆ ತಗಡಿನ ಕ್ಯಾಂಟೀನು. ಒಂದು ಬ್ರೆಡ್ಡು, ಎರಡು ಆಮ್ಲೆಟ್ಟು, ಕಾಫಿ. ಆಮ್ಲೆಟ್ಟು ಬೆಣ್ಣೆಯಂತಿತ್ತು. ಅತ್ತೆ ಕಾಫಿಯ ಮೊದಲ ಗುಟುಕು ಬಾಯಲ್ಲೇ ಇಟ್ಟುಕೊಂಡು ಸಮುದ್ರದ ಕಡೆ ನೋಡಿದರು. ನುಂಗಿದರು.

"ಇದು ಕಾಫಿ ಅಲ್ಲಪ್ಪ," ಅಂದರು ಕ್ಯಾಂಟೀನಿನವನಿಗೆ, ಬಹಳ ಸೌಜನ್ಯದಿಂದ. "ಇದು ಕಾಫಿ ನಡೆದು ಹೋದ ದಾರಿ."

ಕ್ಯಾಂಟೀನಿನವನು ಒಂದು ಕ್ಷಣ ಬಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೂ ನಕ್ಕಳು. ಎಷ್ಟು ದಿನವಾಗಿತ್ತು ಹಾಗೆ ನಕ್ಕು... ನಗು ನಿಂತ ಮೇಲೆ ಫ್ಲಾಸ್ಕ್ ಮುಂದೆ ಮಾಡಿದಳು.

"ಅದನ್ನೇ ತುಂಬಿಸಿ."

*

ಭಾನುವಾರ ಬೆಳಿಗ್ಗೆ ಅತ್ತೆಯ ಜೊತೆ ಬಂದು ಬಂಕಿನ ಪಕ್ಕ ಅವಳು ಬೈಕು ನಿಲ್ಲಿಸಿದಾಗ ಬೆಂಚಿನ ಮಾತು ನಿಂತಿತು. ಬೈಕು ಎಲ್ಲರಿಗೂ ಗೊತ್ತಿತ್ತು. ಸ್ಪ್ಯಾನರ್ ಎದ್ದು, "ಇವರು ಸಕ್ಕರೆಯ ಮನೆಯವರು. ಇವರು ತಾಯಿ," ಅಂದ. ಮೇಷ್ಟ್ರು ಟೋಪಿ ತೆಗೆದರು. ಡಾಕ್ಟರು ಜಾಗ ಬಿಟ್ಟು ಸರಿದು ಕೂತಳು.

ಅವಳು ಕೂರಲಿಲ್ಲ. ಅಂಗಡಿಯಕ್ಕ ಇಟ್ಟ ಪುಟ್ಟ ಲೋಟಗಳಿಗೆ ಒಂದೊಂದು ಗುಟುಕು ಸುರಿದಳು. ತಣ್ಣಗಿನ, ಕೆಸರು ಬಣ್ಣದ ಕಾಫಿ. ಎಲ್ಲರೂ ಕುಡಿದರು. ಯಾರೂ ಮುಖ ಕಿವಿಚಲಿಲ್ಲ. ಅದಕ್ಕೆ ಎಷ್ಟು ಕಷ್ಟಪಟ್ಟರೆಂಬುದು ಕಾಣುತ್ತಿತ್ತು.

"ಕಥೆ," ಅಂದಳು ಅಂಗಡಿಯಕ್ಕ.

ಅವಳು ಫ್ಲಾಸ್ಕನ್ನು ಎದೆಗೆ ಹಿಡಿದುಕೊಂಡಳು.

"ನಿನ್ನೆ ಬೆಳಿಗ್ಗೆ ನಾವಿಬ್ಬರೂ ಹೊರಟ್ವಿ. ನಾನು ಓಡಿಸ್ತಿದ್ದೆ. ಅವನು ಹಿಂದೆ ಕೂತಿದ್ದ."

ಡಾಕ್ಟರು ಲೋಟವನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟಳು.

"ನನ್ನ ಓಡಿಸೋದರ ಮೇಲೆ ಅವನಿಗೆ ನಂಬಿಕೆ ಇಲ್ಲ. ಉಸಿರು ಕಟ್ಟೋ ಹಾಗೆ ಹಿಡ್ಕೊಂಡಿದ್ದ. ದಾರಿಯುದ್ದಕ್ಕೂ ತಪ್ಪು ಹಿಡೀತಿದ್ದ. ಸಮುದ್ರ ಕಂಡ ಮೇಲೆ ಸುಮ್ಮನಾದ. ಐದು ನಿಮಿಷ."

ಸ್ಪ್ಯಾನರ್ ಕೆಳಗೆ ನೋಡಿದ. ಅಲ್ಲಿಂದ ಬೈಕಿನ ಹಿಂದಿನ ಫುಟ್‌ರೆಸ್ಟು ಕಾಣುತ್ತಿತ್ತು. ರಬ್ಬರಿನ ಗೆರೆಗಳಲ್ಲಿ ಮರಳು ಸಿಕ್ಕಿಕೊಂಡಿತ್ತು. ಮಡಚುವ ಜಾಗದಲ್ಲಿ ಒಂದು ಹೊಸ ಗೀರು.

"ದೀಪಸ್ತಂಭದ ಕ್ಯಾಂಟೀನಲ್ಲಿ ಈ ಕಾಫಿ ಕೊಟ್ಟರು. ಅವನು ಒಂದು ಗುಟುಕು ಕುಡಿದ. ಕ್ಯಾಂಟೀನಿನವನ ಕಡೆ ತಿರುಗಿ ಅಂದ, 'ಇದು ಕಾಫಿ ಅಲ್ಲಪ್ಪ. ಇದು ಕಾಫಿ ನಡೆದು ಹೋದ ದಾರಿ.'"

ನಗು ಸಿಡಿಯಿತು. ಮೇಷ್ಟ್ರು ಬೆಂಚು ಕುಟ್ಟಿದರು.

"ಅವನೇ! ಅವನಲ್ಲದೆ ಬೇರೆ ಯಾರೂ ಹಾಗೆ ಹೇಳೋಕೆ ಸಾಧ್ಯವಿಲ್ಲ," ಅಂದಳು ಡಾಕ್ಟರು, ಕಣ್ಣು ಒರೆಸಿಕೊಳ್ಳುತ್ತ.

ಅವಳು ಅತ್ತೆಯ ಕಡೆ ನೋಡಿದಳು. ಜನ್ಮದಲ್ಲಿ ಯಾರ ತಪ್ಪನ್ನೂ ಹಾಗೇ ಬಿಟ್ಟವರಲ್ಲ ಅವರು. ಅತ್ತೆಯ ತುಟಿ ಒಮ್ಮೆ ತೆರೆಯಿತು. ಮುಚ್ಚಿತು. ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಹೌದು," ಅಂದರು. "ಅವನು ಹಾಗೇ ಹೇಳಿದ. ನಾನೂ ಕೇಳಿಸಿಕೊಂಡೆ."

ಅಂಗಡಿಯಕ್ಕ ಸ್ಲೇಟನ್ನು ಮೊಳೆಯಿಂದ ಇಳಿಸಿದಳು. ಅಳಿಸಲಿಲ್ಲ. ಗೋಡೆಯ ಕಡೆ ತಿರುಗಿಸಿ ಒಳಗಿಟ್ಟು, ಹೊಸದೊಂದನ್ನು ನೇತುಹಾಕಿದಳು. ಆಮೇಲೆ ಎರಡೂ ಕೈ ಚಾಚಿದಳು.

ಫ್ಲಾಸ್ಕ್ ಕೊಡಬೇಕಾದ ಹೊತ್ತು. ಅವಳ ಬೆರಳು ಬಿಡಲಿಲ್ಲ. ಇದೊಂದೇ... ಅವನು ತಂದಿಟ್ಟದ್ದು, ವಾಪಸ್ ಹೋಗದೆ ಉಳಿದದ್ದು. ನೆಗ್ಗಿದ ಜಾಗದಲ್ಲಿ ಅವಳ ಹೆಬ್ಬೆರಳು ಸರಿಯಾಗಿ ಕೂತಿತ್ತು. ಅವನದೂ ಹಾಗೇ ಕೂರುತ್ತಿತ್ತೇನೋ.

ಅತ್ತೆ ಪಕ್ಕಕ್ಕೆ ಬಂದು ನಿಂತರು. ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಅಂದರು.

"ಕೊಡು, ಮಗಳೇ. ಕೊಟ್ಟರೆ ತಾನೆ ಮತ್ತೆ ತಗೊಳ್ಳೋಕಾಗೋದು?"

"ನಿಮ್ಮ ಮಾತನ್ನ ಅವನಿಗೆ ಕೊಟ್ಟುಬಿಟ್ಟೆ, ಅತ್ತೆ. ಬೇಜಾರಾಯ್ತಾ?"

"ಇಲ್ಲ," ಅಂದರು ಅತ್ತೆ. "ಆದ್ರೆ ನಾವು ಸುಮ್ಮನಿದ್ದದ್ದು ಐದು ನಿಮಿಷ ಅಲ್ಲ. ಏಳು."

ಅವಳು ನಕ್ಕಳು. ನಗುತ್ತಲೇ ಫ್ಲಾಸ್ಕನ್ನು ಅಂಗಡಿಯಕ್ಕನ ಕೈಯಲ್ಲಿಟ್ಟಳು.